ಫಿಟ್‌ನೆಸ್ ಬ್ಯಾಂಡ್ ಎದೆಬಡಿತ, ನಿದ್ದೆ ತಪ್ಪು ತೋರಿಸಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಗೆ ಬ್ಯಾಂಡೋ ಸ್ಮಾರ್ಟ್‌ವಾಚೋ ಕಟ್ಟಿಕೊಂಡವರ ದೂರು ಬಹುಮಟ್ಟಿಗೆ ಎರಡೇ. ಎದೆಬಡಿತ ಸರಿ ಬರುತ್ತಿಲ್ಲ, ನಿದ್ದೆ ಸರಿ ಬರುತ್ತಿಲ್ಲ. ವಾಕಿಂಗ್‌ನಲ್ಲಿ, ಫೋನಿನಲ್ಲಿ, ನೆಂಟರ ಮನೆಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ಆಳದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಆದರೆ ಎರಡನೆಯದನ್ನು ಮಾತ್ರ ಎಲ್ಲರೂ ಓದಿ. ಬ್ಯಾಂಡನ್ನು ನಂಬುವ ಮುಂಚೆಯೂ, ಬೈಯುವ ಮುಂಚೆಯೂ ಮಾಡಬೇಕಾದ ಕೆಲಸ ಅದರಲ್ಲಿದೆ.

## ಮೊದಲು ತಿಳಿಯಬೇಕಾದ್ದು

ಎದೆ ಎಲ್ಲೋ, ಕೈ ಎಲ್ಲೋ. ಈ ಹಸಿರು ಲೈಟು ಎದೆಬಡಿತ ಹೇಗೆ ಎಣಿಸುತ್ತೆ?

ಅದು ಎಣಿಸುವುದು ನಾಡಿಯನ್ನು. ಎದೆ ಒಂದು ಸಲ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಕೊಂಚ ಹೆಚ್ಚುತ್ತದೆ, ಮುಂದಿನ ಬಡಿತದೊಳಗೆ ಇಳಿಯುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಬ್ಯಾಂಡಿನ ಹಿಂಬದಿಯ ಎಲ್‌ಇಡಿ ಹಸಿರು ಬೆಳಕು ಬಿಡುತ್ತದೆ, ಎಷ್ಟು ಬೆಳಕು ವಾಪಸ್ ಬಂತು ಎಂದು ಪಕ್ಕದ ಸೆನ್ಸರ್ ನೋಡುತ್ತಿರುತ್ತದೆ. ರಕ್ತ ಹೆಚ್ಚಿದಾಗ ಬೆಳಕು ಕಡಿಮೆ ಬರುತ್ತದೆ, ಇಳಿದಾಗ ಜಾಸ್ತಿ ಬರುತ್ತದೆ. ಈ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಇಷ್ಟು ಎಂದು ಹೇಳುತ್ತದೆ.

ಆದರೆ ಆ ಏರಿಳಿತ ತೀರಾ ಸಣ್ಣದು. ಕೈ ಅಲುಗಿದರೆ, ಸಂದಿಯಿಂದ ಹೊರಗಿನ ಬೆಳಕು ನುಗ್ಗಿದರೆ, ಚರ್ಮ ತಣ್ಣಗಾದರೆ ಅದು ಮುಚ್ಚಿಹೋಗುತ್ತದೆ. ಆಗ ಬ್ಯಾಂಡ್ ಅಂದಾಜಿನ ಮೇಲೆ ಒಂದು ಅಂಕಿ ಹಾಕುತ್ತದೆ, ಇಲ್ಲವೇ ಎರಡು ಗೆರೆ ತೋರಿಸಿ ಸುಮ್ಮನಾಗುತ್ತದೆ.

ಕೂತಿದೀನಿ, ಬ್ಯಾಂಡ್ 112 ಅಂತಿದೆ. ಅದು ತಪ್ಪೋ, ನನಗೇ ಏನಾದ್ರೂ ಆಗಿದೆಯೋ ಹೇಗೆ ಗೊತ್ತಾಗೋದು?

ಕೈಯಲ್ಲೇ ನಾಡಿ ನೋಡಿ. ಐದು ನಿಮಿಷ ಸುಮ್ನೆ ಕೂತು, ಅಂಗೈ ಮೇಲೆ ಮಾಡಿ. ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೂಳೆಯ ಪಕ್ಕದ ತಗ್ಗಿನಲ್ಲಿಡಿ. ಜಾಸ್ತಿ ಒತ್ತಬೇಡಿ, ಒತ್ತಿದರೆ ಬಡಿತ ಸಿಗುವುದಿಲ್ಲ. ಹೆಬ್ಬೆರಳಿನಿಂದಲೂ ನೋಡಬೇಡಿ, ಅದಕ್ಕೇ ತನ್ನ ನಾಡಿ ಇದೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಬಡಿತ ಒಂದೇ ಸಮ ಇಲ್ಲ ಅನಿಸಿದರೆ ಪೂರ್ತಿ 60 ಸೆಕೆಂಡ್ ಎಣಿಸಿ.

ಕೋವಿಡ್ ಸಮಯದಲ್ಲಿ ತಂದ ಬೆರಳಿನ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಸೆಲ್ ಹಾಕಿ ಅದನ್ನೂ ಬಳಸಬಹುದು. ಬಿಪಿ ಮಷೀನ್ ಕೂಡ ನಾಡಿ ತೋರಿಸುತ್ತದೆ. ಮೂರರಲ್ಲಿ ಯಾವುದಾದರೂ ಒಂದು ಬ್ಯಾಂಡಿನ ಅಂಕಿಯ ಹತ್ತಿರ ಬಂದರೆ, ಅಂದರೆ ಐದಾರರ ಹೆಚ್ಚುಕಡಿಮೆ ಇದ್ದರೆ, ಬ್ಯಾಂಡ್ ಸರಿ ಇದೆ. ದೊಡ್ಡವರಿಗೆ ವಿಶ್ರಾಂತಿಯಲ್ಲಿ 60ರಿಂದ 100 ಸಾಮಾನ್ಯ. ದಿನಾ ಓಡುವವರಿಗೆ, ಈಜುವವರಿಗೆ 50ರ ಆಸುಪಾಸಿದ್ದರೂ ಗಾಬರಿ ಬೇಡ. ಕೈಲಿ ಎಣಿಸಿದಾಗಲೂ ನಿಜಕ್ಕೂ 112 ಬಂದರೆ ಕಾರಣ ಹುಡುಕಿ. ಜ್ವರ, ನೀರು ಕಡಿಮೆ ಕುಡಿದಿರುವುದು, ರಕ್ತ ಕಡಿಮೆ ಇರುವುದು, ಥೈರಾಯ್ಡ್, ಆತಂಕ ಇವೆಲ್ಲ ಬಡಿತ ಏರಿಸುತ್ತವೆ. ಮತ್ತೆ ಮತ್ತೆ ಹಾಗೇ ಬಂದರೆ ಡಾಕ್ಟರಿಗೆ ತೋರಿಸಿ.

ಎಷ್ಟು ಬಿಗಿ ಕಟ್ಟಬೇಕು? ಬಿಗಿ ಮಾಡಿದ್ರೆ ಗುರುತು ಬೀಳುತ್ತೆ, ಸಡಿಲ ಬಿಟ್ರೆ ಅಂಕಿ ಬರಲ್ಲ.

ಮಣಿಕಟ್ಟಿನ ಹೊರಬದಿಯ ಉಬ್ಬಿದ ಮೂಳೆ ಇದೆಯಲ್ಲ, ಅದರ ಮೇಲೆ ಸೆನ್ಸರ್ ಕೂರಲೇಬಾರದು. ಮೂಳೆಯಿಂದ ಒಂದು ಬೆರಳಷ್ಟು ಮೇಲೆ, ಮೊಣಕೈ ಕಡೆಗೆ ಕಟ್ಟಿ. ವ್ಯಾಯಾಮ ಮಾಡುವಾಗ ಎರಡು ಮೂರು ಬೆರಳು ಮೇಲೆ ಸರಿಸಿ, ಒಂದು ತೂತು ಬಿಗಿ ಮಾಡಿ. ಮುಗಿದ ಮೇಲೆ ಸಡಿಲಿಸಿ. ಕೈ ಜಾಡಿಸಿದಾಗ ಬ್ಯಾಂಡ್ ಚರ್ಮದ ಮೇಲೆ ಜಾರಬಾರದು, ಚರ್ಮದ ಜೊತೆಗೇ ಚಲಿಸಬೇಕು. ತೀರಾ ಬಿಗಿದರೂ ತೊಂದರೆ. ಚರ್ಮದ ಕೆಳಗಿನ ರಕ್ತ ಒತ್ತಿಹೋಗಿ ಅಂಕಿ ಕೆಡುತ್ತದೆ.

ಬಳೆ ಹಾಕುವ ಕೈಗೆ ಕಟ್ಟಿದರೆ ಬಳೆ ಬಂದು ಬ್ಯಾಂಡನ್ನು ಕುಟ್ಟುತ್ತಿರುತ್ತದೆ. ಆ ಪ್ರತಿ ಕುಟ್ಟಿಗೂ ಸೆನ್ಸರ್ ಒಂದು ಕೂದಲೆಳೆ ಏಳುತ್ತದೆ. ಬ್ಯಾಂಡ್ ಮೇಲೆ, ಬಳೆ ಕೆಳಗೆ ಇರಲಿ, ಇಲ್ಲವೇ ಕೈ ಬದಲಿಸಿ. ಕೈ ಬದಲಿಸಿದರೆ ಆಪ್‌ನಲ್ಲಿ ಎಡಗೈಯೋ ಬಲಗೈಯೋ ಎಂಬುದನ್ನೂ ಬದಲಿಸಿ.

ಹೊಸ ವಾಚು. ಬಾಕ್ಸಿನಿಂದ ತೆಗೆದಾಗಿಂದ್ಲೂ ತಪ್ಪೇ ತೋರಿಸ್ತಿದೆ.

ಹಿಂಬದಿಯ ಗಾಜಿನ ಮೇಲೆ ಅಂಟಿಸಿದ ತೆಳು ಪ್ಲಾಸ್ಟಿಕ್ ತೆಗೆದಿದ್ದೀರಾ ನೋಡಿ. ಗೀರು ಬೀಳಬಾರದೆಂದು ಎಷ್ಟೋ ಜನ ಅದನ್ನು ಹಾಗೇ ಬಿಟ್ಟಿರುತ್ತಾರೆ. ಆಮೇಲೆ ಆಪ್‌ನಲ್ಲಿ ನಿಮ್ಮ ವಯಸ್ಸು, ಎತ್ತರ, ತೂಕ ಸರಿ ಇದೆಯಾ ನೋಡಿ.

ಬಿಚ್ಚಿ ಟೇಬಲ್ ಮೇಲಿಟ್ಟಿದ್ದೆ, 78 ತೋರಿಸ್ತು! ಇದು ಪೂರ್ತಿ ಮೋಸ ಅಲ್ವಾ?

ಅಷ್ಟಕ್ಕೇ ಮೋಸ ಎನ್ನಲಾಗದು. ಸೆನ್ಸರಿಗೆ ಗೊತ್ತಿರುವುದು ವಾಪಸ್ ಬರುವ ಬೆಳಕು ಮಾತ್ರ. ಬಟ್ಟೆ, ಹಣ್ಣು, ಮೇಜಿನ ಮೈಯಿಂದಲೂ ಬೆಳಕು ವಾಪಸ್ ಬರುತ್ತದೆ. ಬೆಳಕಿನಲ್ಲಿ ಒಂದಿಷ್ಟು ಅಲುಗಾಟ ಸಿಕ್ಕರೆ ಒಳ್ಳೆಯ ಬ್ಯಾಂಡ್ ಕೂಡ ಅದನ್ನು ನಾಡಿ ಎಂದುಕೊಳ್ಳಬಹುದು. ಬಿಚ್ಚಿದ್ದು ಕೂಡಲೇ ತಿಳಿಯಲು ಕೆಲವದರಲ್ಲಿ ಬೇರೆ ಸೆನ್ಸರ್ ಇರುತ್ತದೆ, ಅಗ್ಗದವುಗಳಲ್ಲಿ ಇರುವುದಿಲ್ಲ.

ಆದರೆ ನಿಜಕ್ಕೂ ಮೋಸದ ವಾಚುಗಳಿವೆ. ಹಿಂದೆ ಒಂದು ಎಲ್‌ಇಡಿ ಸುಮ್ನೆ ಮಿನುಗುತ್ತದೆ, ಅಂಕಿ ಯದ್ವಾತದ್ವಾ ಬರುತ್ತದೆ. ಪತ್ತೆ ಮಾಡುವುದು ಹೀಗೆ. ಕೂತಾಗ ಒಂದು ಸಲ ಅಂಕಿ ನೋಡಿ. ಎರಡು ಮಹಡಿ ಮೆಟ್ಟಿಲು ಬಿರಬಿರನೆ ಹತ್ತಿ, ನಿಂತು, ಕೈ ಅಲುಗಿಸದೆ ಇನ್ನೊಂದು ಸಲ ನೋಡಿ. ಮೂರು ನಿಮಿಷ ಬಿಟ್ಟು ಮತ್ತೆ ನೋಡಿ. ಏರಿ ಇಳಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಮೂರು ಸಲವೂ 72, 75, 74 ಅಂತಲೇ ಬಂದರೆ ಅದು ಗಡಿಯಾರವಾಗಿ ಮಾತ್ರ ಉಪಯೋಗಕ್ಕೆ ಬರುತ್ತದೆ.

ನಮ್ಮಜ್ಜಿಗೆ ಮುಂಗೈ ತುಂಬ ಹಚ್ಚೆ ಇದೆ. ಅವರ ಕೈಗೆ ಕಟ್ಟಿದ್ರೆ ಬರೀ ಗೆರೆ ಬರುತ್ತೆ.

ಹಚ್ಚೆಯ ಬಣ್ಣ ಚರ್ಮದ ಒಳಗೇ ಕೂತಿರುವುದರಿಂದ ಬೆಳಕನ್ನು ತಡೆಯುತ್ತದೆ. ಆಪಲ್‌ನಂಥ ಕಂಪನಿ ಕೂಡ ಹಚ್ಚೆ ಇದ್ದಲ್ಲಿ ಅಳತೆ ಕಷ್ಟ ಎಂದು ತಾನೇ ಹೇಳುತ್ತದೆ. ಹಚ್ಚೆ ಇಲ್ಲದ ಕೈಗೆ ಕಟ್ಟಿ, ಅಥವಾ ಸೆನ್ಸರ್ ಮಣಿಕಟ್ಟಿನ ಒಳಬದಿಗೆ ಬರುವಂತೆ ತಿರುಗಿಸಿ. ಅಜ್ಜಿಯ ಚರ್ಮ ತೆಳುವಾಗಿ, ಸಡಿಲವಾಗಿ ಇರುತ್ತದೆ. ಅದಕ್ಕೆ ರಬ್ಬರ್ ಪಟ್ಟಿಗಿಂತ ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿ ಚೆನ್ನಾಗಿ ಕೂರುತ್ತದೆ. ಅಷ್ಟಾದರೂ ಬರದಿದ್ದರೆ ಬೆರಳಿನ ಆಕ್ಸಿಮೀಟರೇ ಸಾಕು.

ನಾನು ಕಪ್ಪಗಿದೀನಿ, ಅದಕ್ಕೇ ಸರಿ ಬರ್ತಿಲ್ಲ ಅಂತಾರೆ. ಹೌದಾ?

ಚರ್ಮದ ಕಪ್ಪು ಬಣ್ಣ ಹಸಿರು ಬೆಳಕನ್ನು ಸ್ವಲ್ಪ ಹೀರುವುದು ನಿಜ. ಆದರೆ ತಪ್ಪಿಗೆಲ್ಲ ಅದೇ ಕಾರಣವಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಮೈಬಣ್ಣದವರ ಮೇಲೆ ಹಲವು ಬ್ಯಾಂಡುಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಬಣ್ಣದಿಂದ ಎದ್ದುಕಾಣುವ ವ್ಯತ್ಯಾಸ ಅವರಿಗೆ ಸಿಗಲಿಲ್ಲ. ಕೈ ಆಡಿಸುವಾಗಿನ ತಪ್ಪು ಮಾತ್ರ ಸುಮ್ಮನೆ ಕೂತಾಗಿನದಕ್ಕಿಂತ ಸರಾಸರಿ ಶೇ 30ರಷ್ಟು ಜಾಸ್ತಿ ಇತ್ತು. ಬಣ್ಣದ ಯೋಚನೆ ಬಿಟ್ಟು, ಬ್ಯಾಂಡ್ ಅಲುಗದಂತೆ ಕಟ್ಟುವ ಕಡೆ ಗಮನ ಕೊಡಿ.

ಬೆಳಿಗ್ಗೆ ಚಳಿಯಲ್ಲಿ, ಪಾತ್ರೆ ತೊಳೆಯೋವಾಗ ಡ್ಯಾಶ್ ಡ್ಯಾಶ್ ಬರುತ್ತೆ. ಮಧ್ಯಾಹ್ನ ಸರಿ ಹೋಗುತ್ತೆ.

ತಣ್ಣೀರು ಸೋಕಿದಾಗ, ಚಳಿ ಹಿಡಿದಾಗ ದೇಹ ಕೈಕಾಲಿಗೆ ಕಳಿಸುವ ರಕ್ತ ಕಡಿಮೆ ಮಾಡುತ್ತದೆ. ಮಣಿಕಟ್ಟಿನಲ್ಲಿ ರಕ್ತವೇ ಕಡಿಮೆ ಇದ್ದರೆ ಸೆನ್ಸರಿಗೆ ಎಣಿಸಲು ಏನೂ ಸಿಗುವುದಿಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ತುಂಬು ತೋಳಿನ ಸ್ವೆಟರ್ ಹಾಕಿ. ಬ್ಯಾಂಡ್ ಕೆಟ್ಟಿಲ್ಲ.

## ಓಡುವಾಗ, ಜಿಮ್‌ನಲ್ಲಿ

ಓಡೋಕೆ ಶುರು ಮಾಡಿದ ಕೂಡಲೇ 172 ತೋರಿಸುತ್ತೆ. ಉಸಿರೇ ಏರಿರಲ್ಲ. ಇದು ಹೇಗೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಉತ್ತರ ಗ್ರಾಫಿನಲ್ಲೇ ಕಾಣುತ್ತದೆ. ಓಡುವವರು ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುತ್ತಾರೆ. ಪ್ರತಿ ಹೆಜ್ಜೆಗೂ ಕೈ ಬೀಸುತ್ತದೆ, ಮಣಿಕಟ್ಟಿನ ರಕ್ತವೂ ಒಮ್ಮೆ ತೊನೆಯುತ್ತದೆ. ಆ ತೊನೆತ ನಾಡಿಗಿಂತ ಜೋರಾಗಿದ್ದರೆ ಬ್ಯಾಂಡ್ ನಾಡಿ ಬಿಟ್ಟು ಹೆಜ್ಜೆಯನ್ನೇ ಎಣಿಸುತ್ತದೆ. ನೀವು ನೋಡಿದ 172 ನಿಮ್ಮ ಕಾಲಿನ ಲೆಕ್ಕ.

ಗ್ರಾಫ್ ತೆಗೆದು ನೋಡಿ. ನಿಜವಾದ ಎದೆಬಡಿತ ಓಟದ ಮೊದಲ ಕೆಲವು ನಿಮಿಷ ನಿಧಾನಕ್ಕೆ ಏರುತ್ತದೆ, ಏರು ರಸ್ತೆ ಬಂದರೆ ಮತ್ತೆ ಏರುತ್ತದೆ, ನಿಂತ ಮೇಲೂ ಸ್ವಲ್ಪ ಹೊತ್ತು ಮೇಲೇ ಇದ್ದು ಇಳಿಯುತ್ತದೆ. ಹೆಜ್ಜೆಯನ್ನು ಹಿಡಿದ ಗ್ರಾಫ್ ಹಾಗಿರುವುದಿಲ್ಲ. ಮೊದಲ ನಿಮಿಷದಲ್ಲೇ ಗೋಡೆ ಹತ್ತಿದ ಹಾಗೆ ಮೇಲೆ ಹೋಗಿ ಅಲ್ಲೇ ಚಪ್ಪಟೆಯಾಗಿ ನಿಲ್ಲುತ್ತದೆ. ಶೂ ದಾರ ಕಟ್ಟಲು ನಿಂತರೆ ಧೊಪ್ಪನೆ ಬೀಳುತ್ತದೆ. ಆಪ್‌ನಲ್ಲಿ ಹೆಜ್ಜೆಯ ವೇಗದ ಗ್ರಾಫೂ ಇದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡು ಗೆರೆ ಒಂದರ ಮೇಲೊಂದು ಕೂತರೆ ಅನುಮಾನವೇ ಬೇಡ.

ಬಿರುಸಿನ ವಾಕಿಂಗ್‌ನಲ್ಲಿ ಇದನ್ನು ಹಿಡಿಯುವುದು ಇನ್ನೂ ಕಷ್ಟ. ಅಲ್ಲಿ ಹೆಜ್ಜೆಯೂ ನಿಮಿಷಕ್ಕೆ 110, ಎದೆಬಡಿತವೂ 110ರ ಆಸುಪಾಸು. ತಪ್ಪು ಎಣಿಸಿದರೂ ಅಂಕಿ ಸರಿಯಾಗಿಯೇ ಕಾಣುತ್ತದೆ.

ಪರಿಹಾರ: ಐದು ನಿಮಿಷ ನಿಧಾನಕ್ಕೆ ನಡೆದು ಮೈ ಬೆಚ್ಚಗಾದ ಮೇಲೆ ಓಟ ಶುರು ಮಾಡಿ. ಬ್ಯಾಂಡ್ ಮೇಲೆ ಸರಿಸಿ ಬಿಗಿ ಮಾಡಿ. ಮಧ್ಯೆ ಅನುಮಾನ ಬಂದರೆ ಅರ್ಧ ನಿಮಿಷ ನಿಂತು ಕೈ ಅಲುಗಿಸದೆ ಇರಿ, ಬ್ಯಾಂಡ್ ನಾಡಿಯನ್ನು ಮತ್ತೆ ಹಿಡಿಯುತ್ತದೆ. ಮ್ಯಾರಥಾನಿಗೆ ತಯಾರಿ ಮಾಡುವವರಾದರೆ ಎದೆಪಟ್ಟಿ ಕೊಳ್ಳಿ. ಅದು ಬೆಳಕಿನ ಬದಲು ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ, ಹೆಜ್ಜೆಗೆ ಮೋಸ ಹೋಗುವುದಿಲ್ಲ. ಕಟ್ಟುವ ಮುಂಚೆ ಪಟ್ಟಿಯ ಒಳಬದಿಯನ್ನು ಒದ್ದೆ ಮಾಡಿ, ಒಣಗಿದ್ದರೆ ಅದೂ ತಪ್ಪು ಹೇಳುತ್ತದೆ.

ಜಿಮ್‌ನಲ್ಲಿ ಬೆವರು ಸುರಿತಿರುತ್ತೆ, ಬ್ಯಾಂಡ್ 88 ಅಂತಿರುತ್ತೆ.

ಡಂಬೆಲ್ ಬಿಗಿ ಹಿಡಿದಾಗ ಮುಂಗೈ ಸ್ನಾಯು ಉಬ್ಬುತ್ತದೆ, ರಕ್ತ ಒತ್ತಿಹೋಗುತ್ತದೆ. ಮಣಿಕಟ್ಟು ಮಡಚಿದಾಗ ಸೆನ್ಸರ್ ಒಂದು ಕಡೆ ಏಳುತ್ತದೆ. ಪುಶ್‌ಅಪ್, ಸೈಕಲ್ ಹ್ಯಾಂಡಲ್, ಸೂರ್ಯ ನಮಸ್ಕಾರ ಎಲ್ಲದರಲ್ಲೂ ಇದೇ ಕತೆ. ಸೆಟ್ ನಡೆಯುವಾಗಿನ ಅಂಕಿ ಬಿಡಿ, ಸೆಟ್ ಮುಗಿದು ಕೈ ಇಳಿಬಿಟ್ಟಾಗಿನದನ್ನು ನೋಡಿ. ತೋಳಿಗೆ ಕಟ್ಟುವ ಸೆನ್ಸರ್‌ಗಳೂ ಸಿಗುತ್ತವೆ, ಭಾರ ಎತ್ತುವವರಿಗೆ ಅವು ವಾಸಿ.

ಸುಮ್ನೆ ಜೋರಾಗಿ ನಡೆದ್ರೂ 'ಪೀಕ್ ಝೋನ್' ಅನ್ನುತ್ತೆ. ವಯಸ್ಸು 58.

ಪೀಕ್ ಝೋನ್ ಎಂದರೆ ಗರಿಷ್ಠ ಬಡಿತದ ಹತ್ತಿರದ ಹಂತ. ಬಹಳಷ್ಟು ಆಪ್‌ಗಳು 220ರಿಂದ ವಯಸ್ಸು ಕಳೆದು ಅದನ್ನೇ ನಿಮ್ಮ ಗರಿಷ್ಠ ಬಡಿತ ಎಂದುಕೊಳ್ಳುತ್ತವೆ. ನಿಮಗೆ 162 ಬರುತ್ತದೆ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಇನ್ನೊಂದು ಲೆಕ್ಕವಿದೆ, ಅದರಲ್ಲಿ 167 ಬರುತ್ತದೆ. ಎರಡೂ ಸರಾಸರಿಗಳೇ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಅತ್ತಿತ್ತ ಆಗುವುದು ಮಾಮೂಲು. ಆಪ್‌ನಲ್ಲಿ ಝೋನ್‌ಗಳನ್ನು ಕೈಯಾರೆ ಬದಲಿಸುವ ಸೌಲಭ್ಯ ಇರುತ್ತದೆ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಅದು ಮಧ್ಯಮ ಶ್ರಮ, ಬ್ಯಾಂಡ್ ಏನೇ ಹೇಳಲಿ. ಹೃದಯಕ್ಕೆ ಔಷಧಿ ತಗೊಳ್ಳುವವರು ಮಾತ್ರ ಮಿತಿಯನ್ನು ಡಾಕ್ಟರಿಂದಲೇ ಕೇಳಿ.

ಕ್ಯಾಲರಿ ಲೆಕ್ಕ ನಂಬಬಹುದಾ?

ಬೇಡ. ಸ್ಟ್ಯಾನ್‌ಫರ್ಡ್‌ನವರು 2017ರಲ್ಲಿ 60 ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಎದೆಬಡಿತದಲ್ಲಿ ಶೇ 5ಕ್ಕಿಂತ ಕಡಿಮೆ ತಪ್ಪು ಮಾಡಿದವು. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಆ ಅಂಕಿ ನೋಡಿಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವುದಾಗಲಿ, ಊಟ ಬಿಡುವುದಾಗಲಿ ಬೇಡ.

## ನಿದ್ದೆಯ ಲೆಕ್ಕ

ಸೋಫಾದಲ್ಲಿ ಕೂತು ಸಿನಿಮಾ ನೋಡ್ತಿದ್ದೆ. ಎರಡು ಗಂಟೆ ನಿದ್ದೆ ಅಂತ ಬರೆದುಕೊಂಡಿದೆ!

ಬ್ಯಾಂಡಿಗೆ ನಿದ್ದೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಕೈ ಅಲುಗಿತೋ ಇಲ್ಲವೋ, ಎದೆಬಡಿತ ಇಳಿಯಿತೋ ಇಲ್ಲವೋ ಅಷ್ಟೇ. ಅಲುಗದೆ ಆರಾಮಾಗಿ ಕೂತರೆ ಎರಡೂ ನಿದ್ದೆಯ ಹಾಗೇ ಇರುತ್ತವೆ. ಆಪ್‌ನಲ್ಲಿ ಮಲಗುವ ಮತ್ತು ಏಳುವ ಸಮಯ ಹಾಕಿಡಿ. ತಪ್ಪು ದಾಖಲೆಯ ಆರಂಭದ ಸಮಯ ತಿದ್ದಲು ಅಥವಾ ಅಳಿಸಲು ಬಹಳಷ್ಟು ಆಪ್‌ಗಳಲ್ಲಿ ಅವಕಾಶವಿದೆ. ತಿದ್ದದೆ ಬಿಟ್ಟರೆ ವಾರದ ಸರಾಸರಿಯೂ ಕೆಡುತ್ತದೆ.

ರಾತ್ರಿಯೆಲ್ಲ ಹೊರಳಾಡಿದೀನಿ, ನಿದ್ದೆನೇ ಬಂದಿಲ್ಲ. ಇದು 7 ಗಂಟೆ 10 ನಿಮಿಷ ಅನ್ನುತ್ತೆ. ಮನೆಯವರು ಬ್ಯಾಂಡ್ ತೋರಿಸಿ 'ನೋಡು, ಮಲಗಿದ್ದೀಯ' ಅಂತಾರೆ.

ನಿಮ್ಮ ಮಾತಿಗೇ ಹೆಚ್ಚು ಬೆಲೆ ಕೊಡಬೇಕು. ನಿದ್ದೆಯನ್ನು ಗುರುತಿಸುವುದರಲ್ಲಿ ಬ್ಯಾಂಡುಗಳು ಚೆನ್ನಾಗಿವೆ, ಎಚ್ಚರವನ್ನು ಗುರುತಿಸುವುದರಲ್ಲಿ ಹಿಂದೆ. ಕಣ್ಣು ಬಿಟ್ಟು ಚಾವಣಿ ನೋಡುತ್ತ ಅಲುಗದೆ ಮಲಗಿದ್ದ ಹೊತ್ತೆಲ್ಲ ನಿದ್ದೆಯ ಖಾತೆಗೆ ಹೋಗುತ್ತದೆ. ನಿದ್ದೆ ಬಾರದ ತೊಂದರೆ ಇರುವವರಲ್ಲಿ ಈ ತಪ್ಪು ಜಾಸ್ತಿ, ಏಕೆಂದರೆ ಅವರು ನಿದ್ದೆ ಬರಲಿ ಎಂದು ಅಲುಗದೆ ಮಲಗಿರುತ್ತಾರೆ. ದಯವಿಟ್ಟು ಯಾರೂ ಬ್ಯಾಂಡ್ ತೋರಿಸಿ ಇನ್ನೊಬ್ಬರ ನಿದ್ದೆಗೇಡನ್ನು ಸುಳ್ಳು ಮಾಡಬೇಡಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಬೆಳಿಗ್ಗೆ ಹೇಗನಿಸಿತು ಎಂದು ಬರೆದಿಡಿ. ಡಾಕ್ಟರಿಗೆ ಬ್ಯಾಂಡಿನ ಗ್ರಾಫಿಗಿಂತ ಆ ನೋಟ್‌ಬುಕ್ ಉಪಯೋಗ.

ಡೀಪ್ ಸ್ಲೀಪ್ ಬರೀ 38 ನಿಮಿಷ. ಏನಾದ್ರೂ ಕಾಯಿಲೆನಾ?

ಗಾಢ ನಿದ್ದೆ, ಹಗುರ ನಿದ್ದೆ, ಕನಸಿನ ನಿದ್ದೆ ಎಂದು ಸರಿಯಾಗಿ ಬೇರೆ ಮಾಡಬೇಕಾದರೆ ಮಿದುಳಿನ ಅಲೆ, ಕಣ್ಣಿನ ಚಲನೆ, ಗದ್ದದ ಸ್ನಾಯು ಎಲ್ಲವನ್ನೂ ರಾತ್ರಿಯಿಡೀ ಅಳೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಸ್ಲೀಪ್ ಲ್ಯಾಬ್‌ನಲ್ಲಿ ತಲೆಗೆ ವೈರ್ ಅಂಟಿಸಿ ಮಾಡುವುದು ಅದನ್ನೇ. ಬ್ಯಾಂಡ್ ಮಣಿಕಟ್ಟಿನಿಂದ ಊಹೆ ಮಾಡುತ್ತದೆ. ಒಟ್ಟು ನಿದ್ದೆಯ ಊಹೆ ಪರವಾಗಿಲ್ಲ, ಹಂತಗಳ ಊಹೆ ಬಹಳ ಸಲ ತಪ್ಪುತ್ತದೆ. ಒಂದೇ ಕೈಗೆ ಎರಡು ಕಂಪನಿಯ ಬ್ಯಾಂಡ್ ಕಟ್ಟಿ ಮಲಗಿದರೆ ಬೆಳಿಗ್ಗೆ ಎರಡು ಬೇರೆ ಉತ್ತರ ಸಿಗುತ್ತದೆ.

ವಯಸ್ಸಾದಂತೆ ಗಾಢ ನಿದ್ದೆ ಸಹಜವಾಗಿಯೇ ಕಡಿಮೆಯಾಗುತ್ತದೆ. ಅದು ರಾತ್ರಿಯ ಮೊದಲರ್ಧದಲ್ಲೇ ಹೆಚ್ಚು ಬರುವಂಥದ್ದು, ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು. ಒಟ್ಟು ಏಳು ಗಂಟೆ ಆಗಿ, ಹಗಲು ತೂಕಡಿಕೆ ಇಲ್ಲದೆ ಲವಲವಿಕೆಯಿಂದ ಇದ್ದರೆ ಆ 38 ಅನ್ನು ಮರೆತುಬಿಡಿ. ರಾತ್ರಿ ಇದೇ ಚಿಂತೆಯಾಗಿ ನಿದ್ದೆ ಬರದವರೂ ಇದ್ದಾರೆ. ಅಂಥವರು ಒಂದು ತಿಂಗಳು ಬ್ಯಾಂಡ್ ಬಿಚ್ಚಿಟ್ಟು ಮಲಗುವುದು ಒಳ್ಳೆಯದು.

ನಂದು ನೈಟ್ ಶಿಫ್ಟ್. ಬೆಳಿಗ್ಗೆ 8ಕ್ಕೆ ಮಲಗಿ 3ಕ್ಕೆ ಏಳ್ತೀನಿ. ದಾಖಲೆಯೇ ಆಗಲ್ಲ.

ಕೆಲವು ಬ್ಯಾಂಡುಗಳು ರಾತ್ರಿಯ ಹೊತ್ತು ಮಾತ್ರ ಪೂರ್ತಿ ನಿದ್ದೆ ಲೆಕ್ಕ ಹಾಕುತ್ತವೆ, ಹಗಲಿನದನ್ನು ಸಣ್ಣ ನಿದ್ದೆ ಎನ್ನುತ್ತವೆ ಅಥವಾ ಬಿಟ್ಟೇಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಮಲಗುವ ವೇಳೆ ಬದಲಿಸಿ. 'ಇಡೀ ದಿನ ನಿದ್ದೆ ಗುರುತಿಸು' ಎಂಬಂಥ ಆಯ್ಕೆ ಇದ್ದರೆ ಆನ್ ಮಾಡಿ. ಎರಡು ತುಂಡಾಗಿ ಮಲಗುವವರು ಎರಡನ್ನೂ ಕೂಡಿಸಿ ನೋಡಬೇಕು. ಫಿಟ್‌ಬಿಟ್‌ನಲ್ಲಿ ನಿದ್ದೆ ಕನಿಷ್ಠ 3 ಗಂಟೆ ಆಗದಿದ್ದರೆ ಹಂತಗಳ ವಿವರ ಬರುವುದಿಲ್ಲ, ಅದು ದೋಷವಲ್ಲ. ಹೊಸದು ಕೊಳ್ಳುವ ಶಿಫ್ಟ್ ಕೆಲಸದವರು ಹಗಲು ನಿದ್ದೆ ದಾಖಲಾಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಹುಬ್ಬಳ್ಳಿಗೆ ಸ್ಲೀಪರ್ ಬಸ್ಸಲ್ಲಿ ಚೆನ್ನಾಗೇ ಮಲಗಿದ್ದೆ, 1 ಗಂಟೆ ಅಂತ ತೋರಿಸಿದೆ.

ಬಸ್ಸಿನ ಕುಲುಕಾಟವನ್ನು ಅದು ನಿಮ್ಮ ಕೈಯ ಅಲುಗಾಟ ಎಂದುಕೊಂಡಿದೆ. ಆ ರಾತ್ರಿಯ ಲೆಕ್ಕ ಬಿಡಿ.

ಮಗಳ ಮನೆಗೆ ಅಂತ ಕ್ಯಾಲಿಫೋರ್ನಿಯಾಗೆ ಬಂದಿದೀವಿ. ನಿದ್ದೆ ಎರಡು ದಿನಕ್ಕೆ ಹಂಚಿಹೋಗಿದೆ, ಸಮಯ ಎಲ್ಲ ಅಡ್ಡಾದಿಡ್ಡಿ.

ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ 12 ಗಂಟೆ 30 ನಿಮಿಷ ಅಂತರ. ಫೋನ್ ಹೊಸ ಸಮಯಕ್ಕೆ ಬದಲಾದರೂ ಬ್ಯಾಂಡ್ ಸಿಂಕ್ ಆಗುವವರೆಗೆ ಹಳೆಯದರಲ್ಲೇ ಇರುತ್ತದೆ. ಇಳಿದ ಕೂಡಲೇ ಆಪ್ ತೆರೆದು ಒಮ್ಮೆ ಸಿಂಕ್ ಮಾಡಿ. ಮೊದಲ ವಾರದ ನಿದ್ದೆಯ ಅಂಕಿಗಳನ್ನು ಊರಿನವುಗಳ ಜೊತೆ ಹೋಲಿಸಬೇಡಿ, ದೇಹವೇ ಇನ್ನೂ ಹೊಂದಿಕೊಂಡಿರುವುದಿಲ್ಲ.

ಮದುವೆ ಊಟ ಮಾಡಿ ಬಂದ ರಾತ್ರಿ ಎದೆಬಡಿತ 10 ಜಾಸ್ತಿ ತೋರಿಸ್ತು. ಸೆನ್ಸರ್ ಹಾಳಾಯ್ತಾ?

ಇದು ನಿಜವಾದ ಅಂಕಿ ಇರಬಹುದು. ತಡವಾಗಿ ಹೊಟ್ಟೆ ಬಿರಿಯ ಉಂಡು ಮಲಗಿದರೆ, ಮದ್ಯ ಕುಡಿದರೆ, ಜ್ವರ ಬರುವ ಮುಂಚೆ, ಸೆಕೆಯ ರಾತ್ರಿ, ಜಗಳ ಮಾಡಿಕೊಂಡ ದಿನ, ಹೀಗೆ ಹಲವು ಕಾರಣಕ್ಕೆ ರಾತ್ರಿಯ ಬಡಿತ ಏರುತ್ತದೆ. ಕೈ ಅಲುಗದ ಕಾರಣ ಬ್ಯಾಂಡ್ ಅತಿ ಚೆನ್ನಾಗಿ ಅಳೆಯುವುದು ನಿದ್ದೆಯ ಹೊತ್ತಿನಲ್ಲೇ. ಒಂದು ಬ್ಯಾಂಡಿನಿಂದ ನಿಜಕ್ಕೂ ಉಪಯೋಗ ಆಗುವುದು ಇಲ್ಲಿ ಎಂದು ನನ್ನ ನಂಬಿಕೆ. ನಿಮ್ಮ ರಾತ್ರಿಯ ಬಡಿತ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ತಿಳಿದಿದ್ದರೆ, ಅದು ಮೂರು ನಾಲ್ಕು ದಿನ ಬಿಡದೆ ಏರಿದ್ದು ಕೂಡಲೇ ಗೊತ್ತಾಗುತ್ತದೆ.

ರಾತ್ರಿ ಆಕ್ಸಿಜನ್ 84 ಅಂತ ತೋರಿಸಿದೆ, ಭಯ ಆಗ್ತಿದೆ.

ಬ್ಯಾಂಡ್ ಕಟ್ಟಿದ ಕೈ ದಿಂಬಿನ ಅಡಿ, ಮೈಯ ಅಡಿ ಸಿಕ್ಕಿಕೊಂಡರೆ ರಕ್ತ ಒತ್ತಿಹೋಗಿ ಇಂಥ ಅಂಕಿ ಬರುತ್ತದೆ. ಗ್ರಾಫಿನಲ್ಲಿ ಒಂದೇ ಒಂದು ಚುಕ್ಕೆ ಕೆಳಗೆ ಬಿದ್ದಿದ್ದರೆ ಬಹುಮಟ್ಟಿಗೆ ಅದೇ ಕಾರಣ ಇರುತ್ತದೆ. ಎಷ್ಟೋ ರಾತ್ರಿ ಮತ್ತೆ ಮತ್ತೆ ಬೀಳುತ್ತಿದ್ದು, ಜೊತೆಗೆ ಜೋರು ಗೊರಕೆ, ಮಧ್ಯೆ ಉಸಿರು ನಿಂತ ಹಾಗಾಗುವುದು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ ಇದ್ದರೆ ಮಾತ್ರ ಸುಮ್ಮನಿರಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ. ಗೊರಕೆಯ ಬಗ್ಗೆ ಪಕ್ಕದಲ್ಲಿ ಮಲಗುವವರನ್ನು ಕೇಳಿ, ಬ್ಯಾಂಡಿಗಿಂತ ಅವರ ಸಾಕ್ಷಿ ಗಟ್ಟಿ.

## ಆಪ್, ಫೋನ್, ವಾರಂಟಿ

ಕೆಲವು ರಾತ್ರಿ ನಿದ್ದೆಯೇ ದಾಖಲಾಗಲ್ಲ, ಕೆಲವು ಸಲ ಗ್ರಾಫಲ್ಲಿ ಸಂದಿ.

ಬ್ಯಾಂಡ್ ಅಳೆಯಲಿಲ್ಲವೋ, ಅಳೆದದ್ದು ಫೋನಿಗೆ ಬರಲಿಲ್ಲವೋ ಮೊದಲು ತಿಳಿಯಬೇಕು. ಬ್ಯಾಂಡಿನ ಪರದೆಯಲ್ಲೇ ನಿದ್ದೆ ನೋಡಿ. ಅಲ್ಲಿ ಇದ್ದು ಆಪ್‌ನಲ್ಲಿ ಇಲ್ಲದಿದ್ದರೆ ಫೋನಿನ ತೊಂದರೆ. ಬ್ಯಾಟರಿ ಉಳಿಸಲು ಫೋನುಗಳು ಹಿಂದೆ ನಡೆಯುವ ಆಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಶಿಯೋಮಿ, ಒಪ್ಪೊ, ವಿವೋ ಫೋನುಗಳಲ್ಲಿ ಇದು ಜಾಸ್ತಿ. ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಂಡಿನ ಆಪ್‌ಗೆ ನಿರ್ಬಂಧ ತೆಗೆಯಿರಿ, ಆಟೋಸ್ಟಾರ್ಟ್ ಕೊಡಿ.

ಬ್ಯಾಂಡಿನಲ್ಲೇ ಇಲ್ಲದಿದ್ದರೆ ಚಾರ್ಜ್ ಸಾಲಲಿಲ್ಲವಾ, ಪವರ್ ಸೇವಿಂಗ್ ಆನ್ ಇತ್ತಾ ನೋಡಿ. ಮಲಗುವಾಗ ಶೇ 30ಕ್ಕಿಂತ ಜಾಸ್ತಿ ಚಾರ್ಜ್ ಇರಲಿ. ಎದೆಬಡಿತ ಅಳೆಯುವ ಅಂತರ 30 ನಿಮಿಷಕ್ಕೊಮ್ಮೆ ಎಂದಿದ್ದರೆ ಗ್ರಾಫಿನಲ್ಲಿ ಸಂದಿ ಬಂದೇ ಬರುತ್ತದೆ. ಅದನ್ನು 1 ನಿಮಿಷಕ್ಕೆ ಅಥವಾ ನಿರಂತರಕ್ಕೆ ಬದಲಿಸಿ. ಚಾರ್ಜ್ ಬೇಗ ಮುಗಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಅಪ್‌ಡೇಟ್ ಆದ ಮೇಲೆ ಡೀಪ್ ಸ್ಲೀಪ್ ಅರ್ಧಕ್ಕೆ ಇಳಿದಿದೆ.

ನಿಮ್ಮ ನಿದ್ದೆ ಬದಲಾಗಿಲ್ಲ, ಲೆಕ್ಕ ಹಾಕುವ ರೀತಿ ಬದಲಾಗಿರಬೇಕು. ಅಪ್‌ಡೇಟ್ ಆದ ದಿನಾಂಕ ಗುರುತು ಹಾಕಿಕೊಂಡು ಅಲ್ಲಿಂದ ಹೊಸದಾಗಿ ಹೋಲಿಸಿ. ಬ್ಯಾಂಡ್ ಬದಲಿಸಿದಾಗಲೂ ಹಾಗೇ.

ರೀಸೆಟ್ ಮಾಡಿದ್ರೆ ಸರಿ ಹೋಗುತ್ತಾ?

ಅದು ಕೊನೆಯ ಹೆಜ್ಜೆ. ಮೊದಲು ಹಿಂಬದಿಯನ್ನು ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ ಒಣಗಿಸಿ. ಬೆವರಿನ ಉಪ್ಪು, ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್ ಸೇರಿ ಗಾಜಿನ ಮೇಲೆ ಮಬ್ಬು ಪದರ ಕಟ್ಟಿರುತ್ತದೆ. ಉಗುರು, ಚಾಕು ತಾಗಿಸಬೇಡಿ. ಆಮೇಲೆ ರೀಸ್ಟಾರ್ಟ್, ಆಮೇಲೆ ಅಪ್‌ಡೇಟ್. ಅಷ್ಟಾದರೂ ಸರಿ ಹೋಗದಿದ್ದರೆ ಸಿಂಕ್ ಮಾಡಿಕೊಂಡು ರೀಸೆಟ್ ಮಾಡಿ. ಸಿಂಕ್ ಮಾಡದೆ ರೀಸೆಟ್ ಮಾಡಿದರೆ ಬ್ಯಾಂಡಿನಲ್ಲಿ ಉಳಿದಿದ್ದ ದಿನಗಳು ಹೋಗುತ್ತವೆ.

ಸೆನ್ಸರೇ ಕೆಟ್ಟಿದೆ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು? ವಾರಂಟಿಯವರು ಒಪ್ತಿಲ್ಲ.

ಕತ್ತಲೆ ಕೋಣೆಯಲ್ಲಿ ವ್ಯಾಯಾಮದ ಮೋಡ್ ಹಾಕಿ ಹಿಂಬದಿ ನೋಡಿ. ಹಸಿರು ಎಲ್‌ಇಡಿಗಳಲ್ಲಿ ಒಂದು ಉರಿಯದಿದ್ದರೆ, ಗಾಜಿನ ಒಳಗೆ ಮಂಜು ಕಟ್ಟಿದ್ದರೆ, ಬಿರುಕಿದ್ದರೆ ಅದು ಯಂತ್ರದ ದೋಷ. ಕಟ್ಟಿಕೊಂಡೇ ಹಬ್ಬದ ಎಣ್ಣೆಸ್ನಾನ, ಸುಡುನೀರಿನ ಸ್ನಾನ ಮಾಡುವವರಿಗೆ ಒಂದು ಮಾತು. ನೀರು ತಡೆಯುತ್ತದೆ ಎಂದು ಬರೆದಿದ್ದರೂ ಅದು ಬಿಸಿನೀರಿಗೆ, ಹಬೆಗೆ, ಸೋಪಿಗೆ ಅನ್ವಯಿಸುವುದಿಲ್ಲ.

ದೂರು ಕೊಡುವಾಗ 'ಸರಿ ಬರ್ತಿಲ್ಲ' ಎಂದರೆ ಸಾಲದು. ಒಂದೇ ಕ್ಷಣದಲ್ಲಿ ಬ್ಯಾಂಡ್ ಮತ್ತು ಬೆರಳಿನ ಆಕ್ಸಿಮೀಟರ್ ಎರಡೂ ಕಾಣುವಂತೆ, ಬೇರೆ ಬೇರೆ ದಿನ, ಕೂತ ಸ್ಥಿತಿಯಲ್ಲಿ ವಿಡಿಯೊ ಮಾಡಿ. ಬಿಲ್ ಜೊತೆ ಇ-ಮೇಲ್‌ನಲ್ಲಿ ಕಳಿಸಿ, ಉತ್ತರವನ್ನು ಬರಹದಲ್ಲೇ ಕೇಳಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

## ಇನ್ನಷ್ಟು ಆಳದ ಪ್ರಶ್ನೆಗಳು

ಬ್ಯಾಂಡ್ 41 ಅಂದಿತು, ಆಸ್ಪತ್ರೆಯಲ್ಲಿ ಇಸಿಜಿ ಮಾಡಿದ್ರೆ 82. ಇಷ್ಟೊಂದು ತಪ್ಪಾ?

41ರ ಎರಡರಷ್ಟು 82. ಇದನ್ನು ಬರೀ ಯಂತ್ರದ ತಪ್ಪು ಎಂದು ಬಿಡಬೇಡಿ. ಕೆಲವರಿಗೆ ಒಂದು ಸರಿ ಬಡಿತ, ಹಿಂದೆಯೇ ಅವಸರದ ಒಂದು ಬಡಿತ ಹೀಗೆ ಜೋಡಿಯಾಗಿ ಬರುತ್ತವೆ. ಅವಸರದ ಬಡಿತದಲ್ಲಿ ಹೃದಯ ತುಂಬುವ ಮುಂಚೆಯೇ ಹಿಂಡುತ್ತದೆ, ಮಣಿಕಟ್ಟಿಗೆ ರಕ್ತ ಮುಟ್ಟುವುದೇ ಇಲ್ಲ. ಇಸಿಜಿ ಎರಡನ್ನೂ ಎಣಿಸುತ್ತದೆ, ಬ್ಯಾಂಡ್ ಒಂದನ್ನೇ. ಬೆರಳಿಟ್ಟು ನೋಡಿದರೂ 41 ಸಿಗುತ್ತದೆ. ಇಸಿಜಿ ನೋಡಿದ ಡಾಕ್ಟರಿಗೆ ಬ್ಯಾಂಡಿನ ಅಂಕಿಯನ್ನೂ ಹೇಳಿ. ಇಂಥ ಬಡಿತ ಅನೇಕರಲ್ಲಿ ನಿರಪಾಯ, ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರು.

ಅಪ್ಪಂಗೆ ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಬ್ಯಾಂಡ್ 54 ತೋರಿಸ್ತಿದೆ.

ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳ ಕೆಲಸವೇ ಬಡಿತ ಇಳಿಸುವುದು. ಅಂಕಿ ಸರಿ ಇರಬಹುದು. ಬೆರಳಿಟ್ಟು ಖಾತ್ರಿ ಮಾಡಿಕೊಳ್ಳಿ. ತಲೆಸುತ್ತು, ಸುಸ್ತು, ಕಣ್ಣುಕತ್ತಲೆ ಇದ್ದರೆ ಡಾಕ್ಟರಿಗೆ ತಿಳಿಸಿ. ಬ್ಯಾಂಡ್ ನೋಡಿ ನೀವೇ ಮಾತ್ರೆ ನಿಲ್ಲಿಸಬೇಡಿ, ಇವನ್ನು ಏಕಾಏಕಿ ನಿಲ್ಲಿಸುವುದು ಅಪಾಯ.

ನನ್ನ ವಾಚಲ್ಲಿ ಇಸಿಜಿ ಇದೆ. 'ನಾರ್ಮಲ್' ಅಂತ ಬಂದ್ರೆ ಹಾರ್ಟ್ ಅಟ್ಯಾಕ್ ಇಲ್ಲ ಅಂತ ತಾನೇ?

ಅಲ್ಲ. ವಾಚು ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ, ಆಸ್ಪತ್ರೆಯ ಇಸಿಜಿ ಹನ್ನೆರಡು ಕೋನಗಳಿಂದ. ವಾಚಿನದು ಬಡಿತದ ತಾಳ ತಪ್ಪಿದೆಯೇ ಎಂದು ನೋಡಲು ಮಾತ್ರ. ಹೃದಯಾಘಾತವನ್ನು ಅದು ಹಿಡಿಯಲಾರದು, ಹಾಗೆಂದು ತಯಾರಕರೇ ಬರೆದಿರುತ್ತಾರೆ. ಎದೆ ಒತ್ತಿದ ಹಾಗೆ ನೋವು, ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ ಇದ್ದರೆ ವಾಚಿನಲ್ಲಿ ಏನೇ ಬಂದಿರಲಿ, 108ಕ್ಕೆ ಕರೆ ಮಾಡಿ.

ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಕೇಳಿದಾಗಿಂದ ಹತ್ತು ನಿಮಿಷಕ್ಕೊಮ್ಮೆ ವಾಚ್ ನೋಡ್ತೀನಿ. ನೋಡಿದಷ್ಟೂ ಜಾಸ್ತಿಯಾಗುತ್ತೆ.

ನಿಮ್ಮ ಭಯ ಅರ್ಥವಾಗುತ್ತದೆ. 2025ರ ಜೂನ್, ಜುಲೈನಲ್ಲಿ ಆ ಸುದ್ದಿಗಳು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಆದರೆ ಭಯದಿಂದ ಅಳೆದರೆ ಭಯವೇ ಬಡಿತ ಏರಿಸುತ್ತದೆ, ಏರಿದ್ದು ನೋಡಿ ಇನ್ನಷ್ಟು ಭಯ. ವಾಚಿನ ಮುಖಪುಟದಿಂದ ಎದೆಬಡಿತ ತೆಗೆದುಹಾಕಿ, ಎಚ್ಚರಿಕೆಯ ಸದ್ದು ನಿಲ್ಲಿಸಿ. ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೆ ಮುಂಚೆ ವಾರದ ಸರಾಸರಿ ನೋಡಿದರೆ ಸಾಕು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಒಮ್ಮೆ ಮಾಡಿಸಿ, ಒಂದು ಇಸಿಜಿ ತೆಗೆಸಿ. ಹೃದಯದ ಅಪಾಯದ ಬಗ್ಗೆ ಅವು ಹೇಳುವುದರಲ್ಲಿ ಕಾಲು ಭಾಗವೂ ಮಣಿಕಟ್ಟಿನ ಅಂಕಿಗೆ ಗೊತ್ತಿಲ್ಲ.

ಡಾಕ್ಟರಿಗೆ ಮೊಬೈಲ್ ತೋರಿಸಿದ್ರೆ 'ಇದೆಲ್ಲ ಬಿಡಿ' ಅಂತಾರೆ. ಏನು ತಗೊಂಡು ಹೋಗ್ಲಿ?

ಆರು ತಿಂಗಳ ಗ್ರಾಫ್‌ಗಳನ್ನು ತೋರಿಸಿದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ ಎಷ್ಟು ಬಂತು. ಅದೇ ಹೊತ್ತಿಗೆ ಕೈಯಲ್ಲಿ ಎಣಿಸಿದಾಗ ಎಷ್ಟಿತ್ತು, ಬಡಿತ ಸಮವಾಗಿತ್ತಾ. ತಲೆಸುತ್ತು, ಎದೆ ಢವಢವ, ನೋವು ಏನಾದರೂ ಇತ್ತಾ, ಎಷ್ಟು ನಿಮಿಷ ಇತ್ತು. ತಗೊಳ್ಳುತ್ತಿರುವ ಮಾತ್ರೆಗಳು. ವಾಚಿನಲ್ಲಿ ಇಸಿಜಿ ತೆಗೆದಿದ್ದರೆ ಪಿಡಿಎಫ್ ಪ್ರಿಂಟ್ ಹಾಕಿಸಿ ಜೊತೆಗಿಡಿ. ತೊಂದರೆ ಬಂದು ಹೋಗುವಂಥದ್ದಾದರೆ ಹೋಲ್ಟರ್ ಎಂಬ ಪುಟ್ಟ ಯಂತ್ರ ಕಟ್ಟಿ 24 ಗಂಟೆ ಇಸಿಜಿ ದಾಖಲಿಸಬಹುದು. ಅದು ತಮಗೆ ಬೇಕಾಗಬಹುದೇ ಎಂದು ನೀವೇ ಕೇಳಿ.